ಡಿಕ್ಕಿಯಲ್ಲಿರುವ ಆ ಡಬ್ಬ ಬಿಚ್ಚಿದ್ದೀರಾ?

ಡಿಸೆಂಬರ್ ಮೂರನೆಯ ವಾರ ಬಂತೆಂದರೆ ನಮ್ಮ ಟೈರ್ ಅಂಗಡಿಯಲ್ಲಿ ಕನ್ನಡ ಕಿವಿಗೆ ಬೀಳತೊಡಗುತ್ತದೆ. ಅಂಗಡಿ ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹೊರವಲಯದಲ್ಲಿ, ಇಂಟರ್‌ಸ್ಟೇಟ್ 80 ಹೆದ್ದಾರಿ ಸಿಯೆರಾ ನೆವಾಡ ಬೆಟ್ಟಗಳತ್ತ ಏರುವುದಕ್ಕೆ ಸ್ವಲ್ಪ ಮೊದಲು. ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಕಡೆಯಿಂದ ಬೆಟ್ಟದ ಮೇಲಿನ ಸರೋವರ ಲೇಕ್ ಟಾಹೋಗೆ ಹೊರಟವರು ಗಾಳಿ ಹಿಡಿಸಲೋ, ಚೈನು ಕೊಳ್ಳಲೋ ಇಲ್ಲಿ ನಿಲ್ಲಿಸುತ್ತಾರೆ. ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ, ಅವರಿಗೆ ಸ್ನೋ ತೋರಿಸಬೇಕು. ಹಿಂದಿನ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡ ಅಮ್ಮ, ಕಾಲ ಬಳಿ ಚಿತ್ರಾನ್ನದ ಡಬ್ಬಿ. ಡಿಕ್ಕಿಯಲ್ಲಿ ಇನ್ನೊಂದು ಡಬ್ಬ: ಸೀಲು ಒಡೆಯದ ಸ್ನೋ ಚೈನು, ಅಂದರೆ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿ. ನಾನು ಬರೆಯುತ್ತಿರುವುದು ಈ ಎರಡನೆಯ ಡಬ್ಬದ ಬಗ್ಗೆ.

ಹೋದ ಚಳಿಗಾಲದಲ್ಲಿ ಒಬ್ಬ ಹುಡುಗ ಬೆಟ್ಟ ಇಳಿದು ನೇರ ನಮ್ಮ ಅಂಗಡಿಗೇ ಬಂದ. ಎಡಗಡೆ ಮುಂದಿನ ಚಕ್ರದಿಂದ ಲಟಲಟ ಸದ್ದು, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ಕಾಯುವ ವ್ಯವಸ್ಥೆ) ದೀಪ. ಕಾರನ್ನು ಲಿಫ್ಟಿಗೆ ಹಾಕಿದೆ. ಚಕ್ರದ ಮೇಲ್ಗಡೆಯ ಪ್ಲಾಸ್ಟಿಕ್ ಹಾಳೆ ಬಾಳೆಲೆ ಹರಿದ ಹಾಗೆ ಸೀಳಿತ್ತು. ಹಬ್ಬಿನಿಂದ ಬರುವ ಸೆನ್ಸರ್ ವೈರು ತುಂಡಾಗಿ ಜೋತಾಡುತ್ತಿತ್ತು. ಕೇಬಲ್ ಚೈನಿನ ಒಂದು ಎಳೆ ಕಿತ್ತು ಆಕ್ಸಲ್ ಸುತ್ತ ಮೂರು ಸುತ್ತು ಬಿಗಿದುಕೊಂಡಿತ್ತು. ಕಟಿಂಗ್ ಪ್ಲೇಯರ್ ಹಿಡಿದು ಬಿಡಿಸಲು ಅರ್ಧ ಗಂಟೆ ಹಿಡಿಯಿತು.

“ಹಾಕುವಾಗ ಬಿಗಿಯಾಗೇ ಇತ್ತಣ್ಣ.”

“ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಿದ್ಯಾ?”

“ಮತ್ತೆ ಮಾಡ್ಬೇಕಾ?”

“ಮನೇಲಿ ಒಂದ್ಸಲ ಹಾಕಿ ನೋಡಿದ್ರೆ ಗೊತ್ತಾಗ್ತಿತ್ತಲ್ಲಪ್ಪ.”

ಅವನ ಉತ್ತರ ನನಗೆ ಹೊಸದಲ್ಲ. “ಡಬ್ಬ ಬಿಚ್ಚಿದ್ರೆ ವಾಪಸ್ ತಗೊಳಲ್ವಲ್ಲಣ್ಣ!”

ಅಸಲಿ ಕಾರಣ ಇದೇ. ಬಳಸದ ಚೈನನ್ನು ಚಳಿಗಾಲ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳುವ ಅಂಗಡಿಗಳು ಇಲ್ಲಿ ಹಲವು ಇವೆ. ಸೀಲು ಒಡೆಯದಿದ್ದರೆ ಐವತ್ತೋ ನೂರೋ ಡಾಲರ್ ಉಳಿಯಿತು ಎಂಬ ಲೆಕ್ಕ. ಹಾಗಾಗಿ ನಮ್ಮವರು ಆ ಡಬ್ಬವನ್ನು ಮೊದಲ ಸಲ ಬಿಚ್ಚುವುದು 7,000 ಅಡಿ ಎತ್ತರದಲ್ಲಿ, ಕತ್ತಲಲ್ಲಿ, ಮುಖಕ್ಕೆ ಹಿಮ ರಾಚುತ್ತಿರುವಾಗ, ಹೆದ್ದಾರಿಯ ಅಂಚಿನಲ್ಲಿ ಮಂಡಿಯೂರಿ. ಒಳಗಿರುವ ಚೀಟಿಯ ಚಿತ್ರ ಅರ್ಥವಾಗುವುದಕ್ಕೆ ಮೊದಲೇ ಅದು ಒದ್ದೆ ಮುದ್ದೆಯಾಗಿರುತ್ತದೆ. ವಾಪಸ್ ಕೊಡುವ ಆಸೆ ಬಿಡದಿದ್ದರೆ ಅಂಗಡಿಯವರನ್ನೇ ಕೇಳಿ: ಹಾಕಿ ನೋಡಿ, ಓಡಿಸದೆ ಬಿಚ್ಚಿದ್ದನ್ನು ತೆಗೆದುಕೊಳ್ಳುವವರೂ ಇದ್ದಾರೆ.

ಬೇರೆಯವರ ಕತೆ ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ನಾನು ಮೂಡಿಗೆರೆ ಕಡೆಯವನು. ಮಳೆಗಾಲದಲ್ಲಿ ಕಾಫಿ ತೋಟದ ಕೆಸರು ರಸ್ತೆಗೆ ಜೀಪು ಇಳಿಸುವ ಮುಂಚೆ ಹಿಂದಿನ ಚಕ್ರಗಳಿಗೆ ಚೈನು ಕಟ್ಟುವುದನ್ನು ನೋಡಿಯೇ ಬೆಳೆದವನು. ಅಮೆರಿಕಕ್ಕೆ ಬಂದ ಮೊದಲ ಚಳಿಗಾಲ. ಟೈರ್ ಕೆಲಸ ಬಲ್ಲವನೆಂಬ ಕೊಬ್ಬು ಬೇರೆ. ಕಿಂಗ್‌ವೇಲ್ ಎಂಬ ಬೆಟ್ಟದೂರಿನ ಹತ್ತಿರ ಕಾರು ನಿಲ್ಲಿಸಿ, ಹತ್ತೇ ನಿಮಿಷದಲ್ಲಿ ಚೈನು ಕಟ್ಟಿ ಎದ್ದೆ. ಚೈನು ಕಟ್ಟಿದೆಯೇ ಎಂದು ನೋಡುವ ತಪಾಸಣೆಯವನು ಟಾರ್ಚ್ ಬಿಟ್ಟು ನೋಡಿ, ನಗು ತಡೆದುಕೊಂಡು, ಮುಂದಿನ ಚಕ್ರದ ಕಡೆ ಬೆರಳು ತೋರಿಸಿದ. ನನ್ನದು ಫ್ರಂಟ್ ವೀಲ್ ಡ್ರೈವ್ ಕಾರು. ಕೈ ಮಾತ್ರ ಅಭ್ಯಾಸಬಲದಿಂದ ಜೀಪಿನ ಹಾಗೆ ಹಿಂದಕ್ಕೆ ಕಟ್ಟಿತ್ತು.

ಚೈನು ಹೋಗಬೇಕಾದದ್ದು ಎಂಜಿನ್ ತಿರುಗಿಸುವ ಚಕ್ರಕ್ಕೆ. ಸಾಮಾನ್ಯ ಹೋಂಡಾ, ಟೊಯೋಟಾ ಸೆಡಾನುಗಳಲ್ಲಿ ಅದು ಮುಂದಿನ ಜೋಡಿ. ಟೆಸ್ಲಾ ಮಾಡೆಲ್ 3, ಮಾಡೆಲ್ ವೈಗಳಿಗೆ ಹಿಂದಿನ ಜೋಡಿ ಮಾತ್ರ. ನಾಲ್ಕೂ ಚಕ್ರಕ್ಕೆ ಮೋಟರ್ ಶಕ್ತಿ ಹೋಗುವ ಕಾರಾದರೂ ಮುಂದಕ್ಕೆ ಹಾಕಕೂಡದು ಎಂದು ಕೈಪಿಡಿ ಹೇಳುತ್ತದೆ. ಸುಬಾರು ಕೂಡ ನಾಲ್ಕು ಚಕ್ರದ್ದೇ, ಆದರೆ ಅದಕ್ಕೆ ಮುಂದಿನ ಜೋಡಿ. ಊಹೆಗೆ ಇಲ್ಲಿ ಜಾಗವಿಲ್ಲ. ಗ್ಲೋವ್ ಬಾಕ್ಸಿನಲ್ಲಿರುವ ಕೈಪಿಡಿಯಲ್ಲಿ ಚೈನಿನ ಪುಟ ತೆರೆದು, ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಕೆಲವು ಮಾಡೆಲುಗಳಲ್ಲಿ ದೊಡ್ಡ ರಿಮ್ಮಿದ್ದರೆ ಚೈನು ಹಾಕಲೇಬಾರದು ಎಂದು ಆ ಪುಟದಲ್ಲಿ ಬರೆದಿರುತ್ತದೆ. ಬೆಟ್ಟದ ಮೇಲೆ ತಿಳಿಯುವುದಕ್ಕಿಂತ ಮನೆಯಲ್ಲಿ ತಿಳಿದರೆ ವಾಸಿ.

ಹಾಕಬಾರದು ಎನ್ನುವುದಕ್ಕೆ ಕಾರಣ ಜಾಗದ ಕೊರತೆ. ಈಗಿನ ಕಾರುಗಳಲ್ಲಿ ಟೈರಿಗೂ ಷಾಕ್ ಅಬ್ಸಾರ್ಬರಿಗೂ ನಡುವೆ ಬೆರಳು ತೂರಿಸುವುದೂ ಕಷ್ಟ. ಇಂಥವಕ್ಕೆಂದೇ ಕ್ಲಾಸ್ ಎಸ್ ಎಂಬ ವರ್ಗವಿದೆ: ಟೈರಿನ ಮೇಲ್ಮೈಯಿಂದ 37 ಮಿಲಿಮೀಟರ್, ಒಳಪಕ್ಕದಿಂದ 15 ಮಿಲಿಮೀಟರ್ ಜಾಗವಿದ್ದರೆ ಸಾಕು. ಕೇಬಲ್ ಚೈನು ಹುಟ್ಟಿಕೊಂಡಿರುವುದೇ ಈ ಇಕ್ಕಟ್ಟಿಗಾಗಿ. ಉಕ್ಕಿನ ತಂತಿಯ ಮೇಲೆ ಚಿಕ್ಕ ಚಿಕ್ಕ ಉಕ್ಕಿನ ಸುರುಳಿ ಪೋಣಿಸಿರುತ್ತಾರೆ. ತೆಳ್ಳಗೆ, ಹಗುರ, ಕಟ್ಟುವುದು ಸಲೀಸು. ಹಳೇ ಮಾದರಿಯ ಕೊಂಡಿ ಚೈನು ಐಸನ್ನು ಚೆನ್ನಾಗಿ ಕಚ್ಚುತ್ತದೆ, ಹೆಚ್ಚು ಬಾಳುತ್ತದೆ, ಆದರೆ ದಪ್ಪ. ವರ್ಷಕ್ಕೆ ಎರಡು ಸಲ ಟಾಹೋಗೆ ಹೋಗಿಬರುವ ಸಣ್ಣ ಕಾರಿಗೆ ನಾನು ಕೇಬಲ್ಲೇ ಕೊಡುತ್ತೇನೆ. ಟಾಹೋದಲ್ಲೇ ಕೆಲಸವಿದ್ದವರಿಗೆ ಚೈನಿಗಿಂತ ಮೊದಲು ಚಳಿಗಾಲದ ಟೈರು ಹಾಕಿಸಿಕೊಳ್ಳಿ ಎನ್ನುತ್ತೇನೆ.

ಚಕ್ರಕ್ಕೆ ಏನಾದರೊಂದನ್ನು ಸುತ್ತುವ ಉಪಾಯ ಕಾರಿನಷ್ಟೇ ಹಳೆಯದು. ಕೆಸರಿನಲ್ಲಿ ಸಿಕ್ಕಿಕೊಂಡವರು ಟೈರಿಗೆ ಹಗ್ಗ, ಬಳ್ಳಿ ಸುತ್ತುವುದನ್ನು ಕಂಡು ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬಾತ ಚೈನಿನ ಕಲ್ಪನೆ ಮಾಡಿ 1904ರಲ್ಲಿ ಪೇಟೆಂಟ್ ಪಡೆದ. ಮೂಡಿಗೆರೆಯ ಕೆಸರೂ ಅವನಿಗೆ ಅಪರಿಚಿತವಾಗುತ್ತಿರಲಿಲ್ಲ.

ಇನ್ನು ಬೋರ್ಡುಗಳು. ದಾರಿಯ ಅತಿ ಎತ್ತರದ ಜಾಗ ಹೆದ್ದಾರಿ 80ರಲ್ಲಿ ಡಾನರ್ ಸಮಿಟ್ 7,239 ಅಡಿ, ಹೆದ್ದಾರಿ 50ರಲ್ಲಿ ಎಕೋ ಸಮಿಟ್ 7,382 ಅಡಿ. ಹಿಮ ಬಿದ್ದಾಗ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಮೂರು ಹಂತದ ನಿಯಮ ಹೊರಡಿಸುತ್ತದೆ. ಆರ್1 ಅಂದರೆ ಚೈನು ಕಟ್ಟಿ, ಇಲ್ಲವೇ ಎಂಜಿನ್ ತಿರುಗಿಸುವ ಚಕ್ರಗಳಿಗೆ ಸ್ನೋ ಟೈರ್ ಇರಲಿ. ಆರ್2 ಅಂದರೆ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ, ನಾಲ್ಕಕ್ಕೂ ಸ್ನೋ ಟೈರ್ ಇರುವ ಗಾಡಿಗೆ ಮಾತ್ರ ವಿನಾಯಿತಿ, ಉಳಿದವರೆಲ್ಲ ಕಟ್ಟಬೇಕು. ಆರ್3 ಅಂದರೆ ಯಾರಿಗೂ ವಿನಾಯಿತಿ ಇಲ್ಲ. ಆ ಹಂತ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ. ಟೈರಿನ ಪಕ್ಕದಲ್ಲಿ ಎಂ+ಎಸ್ (ಮಡ್ ಅಂಡ್ ಸ್ನೋ) ಅಂತ ಅಚ್ಚಿದ್ದರೆ ಇಲ್ಲಿ ಅದನ್ನು ಸ್ನೋ ಟೈರ್ ಎಂದೇ ಒಪ್ಪುತ್ತಾರೆ. ನನ್ನನ್ನು ಕೇಳಿದರೆ ಅದೊಂದು ಉದಾರ ಒಪ್ಪಿಗೆ. ಮೂರು ಶಿಖರದ ನಡುವೆ ಹಿಮದ ಹರಳಿನ ಚಿಹ್ನೆ ಇದ್ದರೆ ಆ ಟೈರನ್ನು ನಿಜವಾಗಿ ಹಿಮದ ಮೇಲೆ ಓಡಿಸಿ ಪರೀಕ್ಷಿಸಿದ್ದಾರೆ ಎಂದರ್ಥ. ಜರ್ಮನಿಯಲ್ಲಿರುವ ನಮ್ಮವರಿಗೆ ಇದು ಗೊತ್ತಿರುತ್ತದೆ: 2024ರ ಅಕ್ಟೋಬರಿನಿಂದ ಅಲ್ಲಿ ಬರೀ ಎಂ+ಎಸ್ ಇದ್ದರೆ ಚಳಿಗಾಲದ ಟೈರ್ ಎಂದು ಒಪ್ಪುವುದಿಲ್ಲ.

“ನಂದು ಆಲ್ ವೀಲ್ ಡ್ರೈವ್, ನನಗೆ ಚೈನೇ ಬೇಡ” ಎನ್ನುವವರು ದಿನಕ್ಕೊಬ್ಬರಾದರೂ ಸಿಗುತ್ತಾರೆ. ಕಟ್ಟುವುದಕ್ಕೆ ವಿನಾಯಿತಿ ಇರಬಹುದು, ಗಾಡಿಯಲ್ಲಿ ಇಟ್ಟುಕೊಳ್ಳುವುದಕ್ಕಿಲ್ಲ. ಅದಿರಲಿ, ನಾಲ್ಕು ಚಕ್ರಕ್ಕೂ ಶಕ್ತಿ ಹೋದರೆ ಕಾರು ಚೆನ್ನಾಗಿ ಹೊರಡುತ್ತದೆ, ಅಷ್ಟೇ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು.

ನಿಲ್ಲುವ ವಿಷಯಕ್ಕೆ ಸ್ವಲ್ಪ ಲೆಕ್ಕ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತದ ಅಂಕ ಸುಮಾರು 0.75. ತುಳಿದು ಗಟ್ಟಿಯಾದ ಹಿಮದ ಮೇಲೆ 0.25 ಎನ್ನಿ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಮೇಲ್ಗಡೆ ನೀರಾಡುವ ಐಸಿನ ಮೇಲೆ 0.1, ಕೆಲವೊಮ್ಮೆ ಅದೂ ಇಲ್ಲ. ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಬೇಕಾಗುವ ದೂರ ಕ್ರಮವಾಗಿ ಸುಮಾರು 12 ಮೀಟರ್, 37 ಮೀಟರ್, 92 ಮೀಟರ್. ಕಾಲು ಬ್ರೇಕಿಗೆ ಹೋಗುವವರೆಗೆ ಸಾಗಿದ ದೂರ ಇದರಲ್ಲಿ ಸೇರಿಲ್ಲ. ಚೈನು ಈ ಅಂಕವನ್ನು ಮೇಲೆತ್ತುತ್ತದೆ ನಿಜ, ಆದರೆ ಕಟ್ಟಿದ ಎರಡು ಚಕ್ರದಲ್ಲಿ ಮಾತ್ರ. ಮುಂದಿನ ಚಕ್ರಕ್ಕೆ ಚೈನು ಕಟ್ಟಿ, ಡಾನರ್ ದಾಟಿ ಟ್ರಕೀ ಊರಿನ ಕಡೆ ಇಳಿಯುವಾಗ ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಹಿಡಿಯುತ್ತದೆ, ಹಿಂದಿನದು ಹಿಡಿಯುವುದಿಲ್ಲ. ಕಾರಿನ ಬಾಲ ಪಕ್ಕಕ್ಕೆ ಬಂದುಬಿಡುತ್ತದೆ. ಚೈನಿನ ಪ್ರದೇಶದಲ್ಲಿ ವೇಗದ ಮಿತಿ 25 ಅಥವಾ 30 ಮೈಲಿ ಎಂದಿರುವುದು ಸುಮ್ಮನೆ ಅಲ್ಲ.

ಈಗ ಕಟ್ಟುವ ಕೆಲಸ. ಮನೆ ಮುಂದೆ, ಹಗಲಲ್ಲಿ, ಒಣ ನೆಲದ ಮೇಲೆ ಒಂದು ಸಲ ಮಾಡಿ. ಜಾಕ್ ಬೇಡ. ಗೇರನ್ನು ಪಾರ್ಕಿಗೆ (ಪಿ) ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನ ಚಕ್ರವಾದರೆ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ. ಟೈರಿನ ಒಳಮೈ ಹೊರಗೆ ಬಂದು ಕೈಗೆ ಜಾಗ ಸಿಗುತ್ತದೆ. ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದವರಿಗೆ ಇದೊಂದನ್ನು ಹೇಳಿಕೊಟ್ಟರೆ ಸಾಕು, ಮುಖ ಅರಳುತ್ತದೆ. ಹಿಂದಿನ ಚಕ್ರಕ್ಕೆ ಆ ಸುಖವಿಲ್ಲ, ಮಲಗಲೇಬೇಕು. ಅದಕ್ಕೆ ಡಿಕ್ಕಿಯಲ್ಲಿ ಒಂದು ಹಳೇ ರಗ್ಗೋ ಪ್ಲಾಸ್ಟಿಕ್ ಶೀಟೋ ಇರಲಿ. ರಬ್ಬರ್ ಕೈಗವಸು, ತಲೆಗೆ ಕಟ್ಟುವ ಟಾರ್ಚ್ ಕೂಡ. ಉಣ್ಣೆಯ ಗ್ಲೌಸ್ ಎರಡೇ ನಿಮಿಷದಲ್ಲಿ ನೆನೆದು ಬೆರಳು ಮರಗಟ್ಟುತ್ತದೆ.

ಚೈನನ್ನು ಮೊದಲು ನೆಲದ ಮೇಲೆ ಹಾಸಿ ಸಿಕ್ಕು ಬಿಡಿಸಿ. ಟೈರಿನ ಮೇಲೆ ಹೊದಿಸುವಾಗ ಕೊಕ್ಕೆಯ ಬಾಯಿ ಹೊರಮುಖವಾಗಿರಬೇಕು, ಟೈರಿನ ಕಡೆಗಲ್ಲ. ಇಲ್ಲದಿದ್ದರೆ ಅದು ಟೈರಿನ ಪಕ್ಕೆಯನ್ನೇ ಕೊರೆಯುತ್ತದೆ. ಒಳಗಿನ ಕೊಕ್ಕೆ ಮೊದಲು, ಹೊರಗಿನದು ಆಮೇಲೆ. ಒಳಗಿನದನ್ನು ಕಣ್ಣಿಗೆ ಕಾಣದೆ ಬೆರಳ ತುದಿಯಲ್ಲೇ ಸಿಕ್ಕಿಸಬೇಕು. ಮನೆಯಲ್ಲಿ ಒಮ್ಮೆ ಸಿಕ್ಕಿಸಿದ ಬೆರಳಿಗೆ ಕತ್ತಲಲ್ಲೂ ಅದರ ನೆನಪಿರುತ್ತದೆ. ಕೊನೆಗೆ ರಬ್ಬರ್ ಅಡ್ಜಸ್ಟರ್ ಎಳೆದು ನಾಲ್ಕೂ ಕಡೆ ಸಮನಾಗಿ ಸಿಕ್ಕಿಸಿ. ಉಳಿದ ತುದಿಯನ್ನು ಜೋತಾಡಲು ಬಿಡಬೇಡಿ.

ಬೆಟ್ಟದ ಮೇಲಾದರೆ ಇಷ್ಟಕ್ಕೇ ಮುಗಿಯಲಿಲ್ಲ. ಮೆಲ್ಲಗೆ ಸ್ವಲ್ಪ ದೂರ ಓಡಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಮತ್ತೆ ಬಿಗಿ ಮಾಡಬೇಕು. ಚಕ್ರ ಉರುಳಿದಾಗ ಚೈನು ತನ್ನ ಜಾಗಕ್ಕೆ ಕೂತು ಸಡಿಲಾಗುತ್ತದೆ. ಆ ಹುಡುಗ ಬಿಟ್ಟಿದ್ದು ಈ ಒಂದು ಹೆಜ್ಜೆ, ತೆತ್ತಿದ್ದು ಚೈನಿನ ಬೆಲೆಯ ಹಲವು ಪಟ್ಟು. ಆಮೇಲೆ ಕಿವಿ ತೆರೆದಿರಲಿ. ಒಂದೇ ಲಯದ ಗರಗರ ಸದ್ದು ಸಹಜ. ನಡುವೆ ಪಟ್ ಪಟ್ ಎಂದು ಏಟು ಕೇಳಿದರೆ ಯಾವುದೋ ಎಳೆ ಬಿಟ್ಟಿದೆ. ಹಿಂದೆ ಟ್ರಕ್ಕು ಹಾರ್ನ್ ಹೊಡೆದರೂ ಸರಿ, ಅಂಚಿಗೆ ತಂದು ನಿಲ್ಲಿಸಿ.

ಕೈಲಾಗದವರಿಗೆ ದಾರಿಯಲ್ಲೇ ಚೈನು ಕಟ್ಟಿಕೊಡುವವರು ಇರುತ್ತಾರೆ. ಇವರು ಇಲಾಖೆಯ ನೌಕರರಲ್ಲ, ಪರವಾನಗಿ ಪಡೆದ ಸ್ವತಂತ್ರ ಕೆಲಸಗಾರರು. ನಂಬರಿರುವ ಮೇಲಂಗಿ ಹಾಕಿರುತ್ತಾರೆ. ಕಟ್ಟಿ ಹಣ ತೆಗೆದುಕೊಳ್ಳಬಹುದು, ಚೈನು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಆ ನಂಬರ್ ಬರೆದಿಟ್ಟುಕೊಳ್ಳಿ. ಬಾಡಿಗೆ ಕಾರಿನಲ್ಲಿ ಹೋಗುವವರು ಕರಾರು ಪತ್ರ ಓದಿ. ಹಲವು ಕಂಪನಿಗಳು ಚೈನು ಕಟ್ಟಲು ಬಿಡುವುದಿಲ್ಲ.

ಬೆಂಗಳೂರಿನಿಂದ ಕಾರಿನಲ್ಲೇ ಮನಾಲಿಗೆ ಹೋಗುವ ಗೆಳೆಯರು ವಾಟ್ಸಾಪಿನಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ. 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಕಡೆಗೆ ಜನ ನುಗ್ಗುತ್ತಾರೆ. ಹಿಮ ಬಿದ್ದ ದಿನ ಪೊಲೀಸರು 4x4 ಅಥವಾ ಚೈನು ಕಟ್ಟಿದ ಗಾಡಿಗಳನ್ನಷ್ಟೇ ಬಿಡುತ್ತಾರೆ. ದಾರಿಬದಿಯಲ್ಲಿ ಬಾಡಿಗೆಗೆ ಸಿಗುವ ಚೈನು ನಿಮ್ಮ ಟೈರಿನ ಸೈಜಿನದೇ ಎಂದು ನೋಡಿಕೊಳ್ಳದೆ ಕಟ್ಟಿಸಬೇಡಿ. ಊರಿಂದಲೇ ಚೈನನ್ನು ಡಿಕ್ಕಿಯಲ್ಲಿಟ್ಟು ಒಯ್ಯುವುದಾದರೆ ಇನ್ನೂ ಒಳ್ಳೆಯದು.

ಡಾಂಬರು ಕಾಣಿಸಿ ಚೈನು ತೆಗೆಯಬಹುದೆಂಬ ಬೋರ್ಡ್ ಬಂದ ತಕ್ಷಣ ಬಿಚ್ಚಿ. ಒಣ ರಸ್ತೆಯಲ್ಲಿ ಕೇಬಲ್ ಬೇಗ ಸವೆದು ಕಿತ್ತುಬರುತ್ತದೆ. ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ತೊಳೆದು ನೇತುಹಾಕಿ. ರಸ್ತೆಗೆ ಸುರಿದ ಉಪ್ಪು ಹಾಗೇ ಉಳಿದರೆ ಬರುವ ವರ್ಷಕ್ಕೆ ಬರೀ ತುಕ್ಕು.

ಎಬಿಎಸ್ ವೈರು ತುಂಡಾಗಿದ್ದ ಆ ಹುಡುಗ ಈ ನವೆಂಬರಿನಲ್ಲಿ ಮತ್ತೆ ಬಂದಿದ್ದ. ಡಿಕ್ಕಿ ತೆರೆದು ಹೆಮ್ಮೆಯಿಂದ ತೋರಿಸಿದ: ರಿಪೇರಿಯಾದ ವಾರವೇ ಕೊಂಡ ಚೈನು, ಸೀಲು ಒಡೆದ ಡಬ್ಬ, ರಗ್ಗು, ರಬ್ಬರ್ ಕೈಗವಸು, ಟಾರ್ಚ್. ಡಬ್ಬದ ಮೇಲೆ ಮಾರ್ಕರಿನಲ್ಲಿ ದಪ್ಪಕ್ಷರದ ಕನ್ನಡ: ‘ಮುಂದಿನ ಚಕ್ರ. ಕೊಕ್ಕೆ ಹೊರಗೆ. ಮತ್ತೆ ಬಿಗಿ ಮಾಡು.’ ಮೂರು ಸಲ ಹಾಕಿ ಬಿಚ್ಚಿ ನೋಡಿದ್ದನಂತೆ. ನನಗೂ ಖುಷಿಯಾಯಿತು. ಆಮೇಲೆ ಕಾರಿನ ಕಡೆ ನೋಡಿದೆ. ಹೋದ ವರ್ಷದ್ದಲ್ಲ, ಹೊಚ್ಚಹೊಸದು, ದೀಪಾವಳಿಗೆ ಕೊಂಡಿದ್ದು. ಹಳೆಯದಕ್ಕೆ 215/55 ಆರ್ 17 ಟೈರ್ ಇತ್ತು. ಡಬ್ಬದ ಮೇಲಿನ ಸೈಜಿನ ಪಟ್ಟಿಯನ್ನು ಇಬ್ಬರೂ ಎರಡೆರಡು ಸಲ ಓದಿದೆವು. 235/45 ಆರ್ 18 ಅದರಲ್ಲಿರಲಿಲ್ಲ.