ಕಂದು ರೋಗ: ಒಂದು ಕೋಶ ಉಳಿಸಿ ಇನ್ನೊಂದನ್ನು ಕೊಲ್ಲುವ ಬ್ರೂಸೆಲ್ಲಾ

ಏಳೆಂಟು ತಿಂಗಳ ಗಬ್ಬದ ಎಮ್ಮೆ ಇದ್ದಕ್ಕಿದ್ದಂತೆ ಕಂದು ಹಾಕಿತು ಅಂದರೆ ಏನು ನಷ್ಟ ಅಂತ ಬೀದರ್ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕರು ಹೋಯಿತು, ಹಾಲೂ ಹೋಯಿತು. ಸತ್ತೆ, ಅಂದರೆ ಮಾಸು, ಬೀಳದೆ ನಿಂತರೆ ಮನೆಯವರೇ ಬರಿಗೈಯಲ್ಲಿ ಎಳೆಯುವುದುಂಟು. ನನಗೆ ಹೆಚ್ಚು ಭಯವಾಗುವುದು ಈ ಹೊತ್ತಿನ ಬಗ್ಗೆಯೇ. ಕಂದು ಹಾಕಲು ಕಾರಣಗಳು ಹಲವು. ಆದರೆ ಅದು ಬ್ರೂಸೆಲ್ಲಾ ಆಗಿದ್ದರೆ, ಸತ್ತೆಯಲ್ಲಿ ಆ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿರುತ್ತದೆ. ಕೈಮೇಲೆ ಒಂದು ಗಾಯ ಇದ್ದರೆ ಸಾಕು, ಒಳಗೆ ಇಳಿಯುತ್ತದೆ. ಆಮೇಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ತಿಂಗಳುಗಟ್ಟಲೆ ಕೀಲು ನೋವು.

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಎಲ್ಲಿಂದ ಬರುತ್ತದೆ ಅನ್ನುವುದು ತಿಳಿದದ್ದು 1905ರಲ್ಲಿ. ಆಡಿನ ಹಾಲಿನಿಂದ ಅಂತ ಥೆಮಿಸ್ಟೋಕ್ಲಿಸ್ ಝಮಿತ್ ತೋರಿಸಿಕೊಟ್ಟರು. ಸೈನಿಕರಿಗೆ ಆ ಹಾಲು ನಿಲ್ಲಿಸಿದ ಮೇಲೆ ಜ್ವರವೂ ಇಳಿಯಿತು. ದನ ಕಂದು ಹಾಕಿಸುವ ಸೂಕ್ಷ್ಮಾಣುವನ್ನು ಡೆನ್ಮಾರ್ಕಿನ ಬರ್ನಾರ್ಡ್ ಬಾಂಗ್ 1897ರಲ್ಲೇ ಕಂಡಿದ್ದರು. ಎರಡೂ ಒಂದೇ ಬಳಗದವು ಅಂತ 1918ರಲ್ಲಿ ಹೇಳಿದವರು ಆಲಿಸ್ ಇವಾನ್ಸ್.

ಇಷ್ಟಾದರೂ ಒಂದು ಪ್ರಶ್ನೆ ಉಳಿದೇ ಇತ್ತು. ರೋಗಾಣುಗಳನ್ನು ನುಂಗಿ ಅರಗಿಸುವುದೇ ಮ್ಯಾಕ್ರೋಫೇಜ್ ಕೋಶಗಳ ಕೆಲಸ. ಅದೇ ಕೋಶದೊಳಗೆ ಇದು ಬದುಕುವುದು ಹೇಗೆ?

ನುಂಗಿದ ಬ್ರೂಸೆಲ್ಲಾಗಳಲ್ಲಿ ಹೆಚ್ಚಿನವು ಮೊದಲ ಕೆಲವು ಗಂಟೆಗಳಲ್ಲೇ ಸಾಯುತ್ತವೆ. ಉಳಿದ ಕೆಲವು, ಸುತ್ತಲಿನ ಚೀಲ ಹುಳಿಯಾಗುತ್ತಿದ್ದಂತೆ ಎಚ್ಚೆತ್ತುಕೊಳ್ಳುತ್ತವೆ. ಸಿರಿಂಜಿನಂಥ ಒಂದು ರಚನೆಯಿಂದ ತಮ್ಮ ಪ್ರೋಟೀನ್‌ಗಳನ್ನು ಕೋಶಕ್ಕೆ ಚುಚ್ಚುತ್ತವೆ. ವಿರ್‌ಬಿ ಎಂಬ ಈ ವ್ಯವಸ್ಥೆ ಪತ್ತೆಯಾದದ್ದು 1999ರಲ್ಲಿ. ಅಲ್ಲಿಂದ ಬ್ರೂಸೆಲ್ಲಾಗಳು ಹೋಗಿ ಸೇರುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ, ಅಂದರೆ ಕೋಶ ತನ್ನ ಪ್ರೋಟೀನ್‌ಗಳನ್ನು ಮಡಚಿ ಸಿದ್ಧಪಡಿಸುವ ಜಾಗಕ್ಕೆ. ಅಲ್ಲೇ ಮರಿ ಹಾಕುತ್ತವೆ.

ಆ ಜಾಗದಲ್ಲಿ ಗೊಂದಲವಾದರೆ ಕೋಶ ಒತ್ತಡಕ್ಕೆ ಸಿಗುತ್ತದೆ. ಒತ್ತಡ ಮಿತಿ ಮೀರಿದರೆ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಬ್ರೂಸೆಲ್ಲಾದ ವಿಸಿಇಸಿ ಎಂಬ ಪ್ರೋಟೀನ್ ಈ ಒತ್ತಡವನ್ನು ಬೇಕಂತಲೇ ಏರಿಸುತ್ತದೆ ಅಂತ 2013ರಲ್ಲಿ ಗೊತ್ತಾಯಿತು. ಆದರೆ ಮ್ಯಾಕ್ರೋಫೇಜ್ ಸಾಯುವುದಿಲ್ಲ! ಅದರ ಆತ್ಮಹತ್ಯೆಯನ್ನು ಬ್ಯಾಕ್ಟೀರಿಯಾವೇ ತಡೆಯುತ್ತದೆ ಅಂತ 2000ದ ಹೊತ್ತಿಗೇ ಕಂಡುಬಂದಿತ್ತು. ಕೋಶ ಉಳಿದರೆ ತಾನೇ ಅದಕ್ಕೂ ನೆಲೆ?

ಮಾಸಿನಲ್ಲಿ ಕಥೆಯೇ ಬೇರೆ. 2019ರಲ್ಲಿ ಪ್ರಕಟವಾದ, ಇಲಿಗಳ ಮೇಲೆ ನಡೆದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಅಲ್ಲಿ ಅದೇ ಒತ್ತಡ ಮಾಸಿನ ಕೋಶಗಳನ್ನು ಸಾಯಿಸುತ್ತದೆ, ಮರಿ ಹೊಟ್ಟೆಯಲ್ಲೇ ಸಾಯುತ್ತದೆ. ಒತ್ತಡ ತಗ್ಗಿಸುವ ಔಷಧಿ ಕೊಟ್ಟಾಗ ಜಾಸ್ತಿ ಮರಿಗಳು ಉಳಿದವು. ಕಂದು ಹಾಕಿಸುವುದರಿಂದ ಬ್ಯಾಕ್ಟೀರಿಯಾಕ್ಕೆ ಲಾಭವೇ. ಕೊಟ್ಟಿಗೆಯ ನೆಲ, ಮೇವು, ಪಕ್ಕದ ದನ, ಎಳೆದವರ ಕೈ, ಎಲ್ಲಕ್ಕೂ ಅದು ಹರಡುತ್ತದೆ.

ಕೋಶದೊಳಗೆ ಅಡಗಿರುವುದರಿಂದಲೇ ಮನುಷ್ಯರಿಗೆ ಚಿಕಿತ್ಸೆ ಉದ್ದ. ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ, ಸಾಮಾನ್ಯವಾಗಿ 6 ವಾರ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಿದರೆ ಮತ್ತೆ ಮರುಕಳಿಸಬಹುದು. ಮನುಷ್ಯರಿಗೆ ಬಳಕೆಯಲ್ಲಿ ಲಸಿಕೆ ಇಲ್ಲ. ಹೆಣ್ಣು ಕರುಗಳಿಗೆ ಇದೆ: 4ರಿಂದ 8 ತಿಂಗಳ ಒಳಗೆ, ಜೀವಮಾನಕ್ಕೆ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿ ಹಾಕುತ್ತಾರೆ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರಿನಲ್ಲಿರುವಾಗ ಈ ವಿಷಯ ಕೊಟ್ಟಿಗೆಯವರೆಗೆ ಮುಟ್ಟಬೇಕು, ಅಲ್ವಾ? ಎಮ್ಮೆ ಕಂದು ಹಾಕಿದರೆ ಡಾಕ್ಟರನ್ನು ಕರೆಸಿ. ಸತ್ತೆಯನ್ನು ಕೈಗವಸು ಹಾಕಿಕೊಂಡೇ ಮುಟ್ಟಿ, ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿಗೆ ಎಸೆಯಬೇಡಿ.