ಮಿಶ್ರತಳಿ ಅಂದ ಮಾತ್ರಕ್ಕೆ ಕಾಯಿಲೆ ದೂರವೇ?

ಲ್ಯಾಬ್ರಡೂಡಲ್, ಗೋಲ್ಡನ್‌ಡೂಡಲ್, ಕಾಕಪೂ, ಕ್ಯಾವಪೂ. ಹೆಸರು ಯಾವುದೇ ಇರಲಿ, ಒಂದು ಕಡೆ ಪೂಡಲ್ ಇದ್ದರೆ ಇನ್ನೊಂದು ಕಡೆ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಕಾಕರ್ ಸ್ಪ್ಯಾನಿಯಲ್ ಅಥವಾ ಕ್ಯಾವಲಿಯರ್ ಇರುತ್ತದೆ. ಇಂಥ ಮರಿಯನ್ನು ಮೊದಲ ಲಸಿಕೆಗೆ ಕರೆತರುವವರು ಸಾಮಾನ್ಯವಾಗಿ ಒಂದು ಮಾತು ಕೇಳಿಸಿಕೊಂಡೇ ಬಂದಿರುತ್ತಾರೆ: ‘ಶುದ್ಧ ತಳಿಗಿಂತ ಇದು ಗಟ್ಟಿ ಡಾಕ್ಟ್ರೇ, ಎರಡು ರಕ್ತ ಬೆರೆತರೆ ಕಾಯಿಲೆ ಹತ್ತಿರ ಸುಳಿಯಲ್ಲವಂತೆ.’ ಮಾರುವವರಿಗೆ ಈ ಮಾತು ಬಲು ಅನುಕೂಲ. ಮರಿ ಹೇಗೂ ಗಟ್ಟಿ ಅಂದ ಮೇಲೆ ತಂದೆತಾಯಿಯ ಪರೀಕ್ಷೆಗೆ ಯಾಕೆ ದುಡ್ಡು ಸುರಿಯಬೇಕು?

ಮಾತಿನಲ್ಲಿ ಅರ್ಧ ನಿಜವಿದೆ. ಕೆಲವು ವಂಶವಾಹಿ ಕಾಯಿಲೆಗಳು ಕೆಟ್ಟ ಜೀನಿನ ಎರಡು ಪ್ರತಿ ಕೂಡಿದಾಗ ಮಾತ್ರ ಬರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದೇ ಪ್ರತಿ ಇರುವ ನಾಯಿ ಆರೋಗ್ಯವಾಗಿಯೇ ಇರುತ್ತದೆ. ಅದನ್ನು ವಾಹಕ ಎನ್ನುತ್ತೇವೆ. ತಂದೆಯ ತಳಿಯಲ್ಲಿರುವ ಕೆಟ್ಟ ಜೀನು ತಾಯಿಯ ತಳಿಯಲ್ಲಿ ಇಲ್ಲವೇ ಇಲ್ಲ ಎಂದಾದರೆ ಮೊದಲ ತಲೆಮಾರಿನ ಮರಿಗಳು ಬಚಾವು. ತೊಂದರೆ ಎಲ್ಲಿ ಅಂದರೆ, ಪೂಡಲ್‌ಗೆ ಜೋಡಿಯಾಗಿ ಜನ ಆರಿಸಿಕೊಂಡ ತಳಿಗಳಲ್ಲಿ ಹಲವಕ್ಕೆ ಪೂಡಲ್‌ನ ಕಾಯಿಲೆಗಳೇ ಇವೆ.

ಕಣ್ಣಿನ ರೆಟಿನಾ ನಿಧಾನವಾಗಿ ಸವೆಯುವ ಪಿಆರ್‌ಎ ಎಂಬ ಕಾಯಿಲೆಯನ್ನೇ ನೋಡಿ. ಅದರ ಒಂದು ಬಗೆ ಪಿಆರ್‌ಸಿಡಿ ಎಂಬ ಜೀನಿನ ದೋಷದಿಂದ ಬರುತ್ತದೆ. ಅದೇ ದೋಷ ಪೂಡಲ್‌ನಲ್ಲೂ ಇದೆ, ಲ್ಯಾಬ್ರಡಾರ್‌ನಲ್ಲೂ ಇದೆ, ಕಾಕರ್‌ನಲ್ಲೂ ಇದೆ. ಎರಡೂ ಕಡೆ ವಾಹಕಗಳಾದರೆ ಹುಟ್ಟುವ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಕುರುಡಾಗುವ ಸಂಭವ. ಮೊದಲು ಇರುಳುಗಣ್ಣು, ಆಮೇಲೆ ಹಗಲೂ ಕತ್ತಲೆ, ಔಷಧಿ ಇಲ್ಲ. ಲಕ್ಷಣ ಕಾಣಿಸುವ ಹೊತ್ತಿಗೆ ನಾಯಿ ಬೆಳೆದು ವರ್ಷಗಳಾಗಿರುತ್ತವೆ, ಅಷ್ಟರಲ್ಲಿ ಅದೂ ಒಂದೆರಡು ಸಲ ಮರಿ ಹಾಕಿರಬಹುದು. ಕಣ್ಣು ಚೆನ್ನಾಗಿ ಕಾಣುತ್ತದಲ್ಲ ಎಂದು ಸುಮ್ಮನಾಗುವುದಕ್ಕೆ ಅರ್ಥವಿಲ್ಲ ಅನ್ನುವುದು ಇದಕ್ಕೇ.

ಪರೀಕ್ಷೆ ಕಷ್ಟದ್ದಲ್ಲ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಪ್ರಯೋಗಾಲಯಕ್ಕೆ ಕಳಿಸಿದರಾಯಿತು. ವಾಹಕ ಅಂತ ಬಂದರೆ ಆ ನಾಯಿಯನ್ನು ತಳಿ ಸಾಕಣೆಯಿಂದಲೇ ಹೊರಗಿಡಬೇಕು ಎಂದು ಕೆಲವರು ಹಟ ಹಿಡಿಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ದೋಷವಿಲ್ಲದ ಜೋಡಿಯೊಂದಿಗೆ ಕೂಡಿಸಿದರೆ ಒಂದು ಮರಿಗೂ ಆ ಕಾಯಿಲೆ ಬಾರದು. ಒಳ್ಳೆಯ ಸ್ವಭಾವದ, ಗಟ್ಟಿ ಕೀಲುಗಳ ನಾಯಿಯನ್ನು ಒಂದು ಜೀನಿಗಾಗಿ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ಉಳಿಯುವುದು ನಾಲ್ಕಾರು ನಾಯಿಗಳ ಒಳಸಂಬಂಧವೇ.

ಆದರೆ ಎಲ್ಲವೂ ಕೆನ್ನೆಯ ಎಂಜಲಿನಲ್ಲಿ ಗೊತ್ತಾಗುವುದಿಲ್ಲ. ಸೊಂಟದ ಕೀಲು ಸಡಿಲವಾಗುವ ಡಿಸ್‌ಪ್ಲೇಸಿಯಾ ಲ್ಯಾಬ್ರಡಾರ್, ಗೋಲ್ಡನ್, ದೊಡ್ಡ ಪೂಡಲ್ ಮೂರಕ್ಕೂ ಇದೆ, ಮತ್ತದು ಹತ್ತಾರು ಜೀನುಗಳ ಆಟ. ಅಲ್ಲಿ ಎಕ್ಸ್‌ರೇಯೇ ಗತಿ. ಎಕ್ಸ್‌ರೇ ನೋಡಿ ನಾಯಿಯ ಕೀಲಿಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಓಎಫ್‌ಎ ಅಂತಿಮ ದರ್ಜೆ ಕೊಡುವುದು 24 ತಿಂಗಳಾದ ಮೇಲೆ, ಅಂದರೆ ಸಾಮಾನ್ಯವಾಗಿ ಅದಕ್ಕೂ ಮುಂಚೆಯೇ ಬರುವ ಎರಡನೇ ಬೆದೆಗೇ ಗಂಡು ಹುಡುಕುವವರು ಈ ಪರೀಕ್ಷೆಯನ್ನು ತಪ್ಪಿಸಿದ್ದಾರೆ ಎಂದೇ ಲೆಕ್ಕ. ಪುಟ್ಟ ಪೂಡಲ್‌ಗಳಲ್ಲಿ ಮಂಡಿಚಿಪ್ಪು ಜಾರುತ್ತದೆ, ಕೈಯಿಂದ ಮುಟ್ಟಿಯೇ ಹೇಳಬಹುದು. ಕ್ಯಾವಲಿಯರ್‌ನ ಹೃದಯದ ಕವಾಟದ ಕಾಯಿಲೆ ವಯಸ್ಸಾದಂತೆ ಹೊರಬೀಳುವಂಥದ್ದು. ಹಾಗಾಗಿ ಒಂದು ವರ್ಷದ ಎಳೆ ಕ್ಯಾವಲಿಯರ್‌ನ ಎದೆಗೆ ಸ್ಟೆತಸ್ಕೋಪ್ ಇಟ್ಟು ಎಲ್ಲ ಸರಿ ಅಂದರೆ ಅದಕ್ಕೆ ಹೆಚ್ಚು ಬೆಲೆಯಿಲ್ಲ.

2024ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂಗಳನ್ನು ಅವುಗಳ ಮೂಲ ತಳಿಗಳ ಜೊತೆ ಹೋಲಿಸಿ ನೋಡಿದರು. ಸುಮಾರು 87 ಪ್ರತಿಶತ ಹೋಲಿಕೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮಿಶ್ರತಳಿ ಕೆಟ್ಟದ್ದು ಎಂದು ಇದರರ್ಥವಲ್ಲ, ಬೆರಕೆಯಿಂದಲೇ ಆರೋಗ್ಯ ಬರುತ್ತದೆ ಅನ್ನುವಂತಿಲ್ಲ, ಅಷ್ಟೇ.

ಇನ್ನು ಅಲರ್ಜಿ. 1980ರ ದಶಕದಲ್ಲಿ ಹವಾಯಿಯ ಒಬ್ಬ ಅಂಧ ಮಹಿಳೆಗೆ ಮಾರ್ಗದರ್ಶಿ ನಾಯಿ ಬೇಕಿತ್ತು, ಆಕೆಯ ಗಂಡನಿಗೆ ನಾಯಿಯ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲು ಹವಾಯಿಗೆ ಹೋಯಿತು. ಗಂಡನಿಗೆ ಒಗ್ಗಿದ್ದು ಒಂದೇ ಒಂದು ಮರಿ. ‘ಅಲರ್ಜಿ ಇಲ್ಲದ ನಾಯಿ’ ಎಂಬ ಮಾರಾಟದ ಮಾತಿನಲ್ಲಿ ಉಳಿದೆರಡು ಮರಿಗಳ ಸುದ್ದಿ ಬರುವುದೇ ಇಲ್ಲ. ಅಲರ್ಜಿ ತರುವ ಪ್ರೋಟೀನು ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ಕೂದಲು ಉದುರದಿದ್ದರೂ ನಾಯಿ ನೆಕ್ಕುತ್ತದಲ್ಲ. ಮನೆಯಲ್ಲಿ ಸೀನುವವರು ಇದ್ದರೆ ಅದೇ ಮರಿಯ ಜೊತೆ ಒಂದೆರಡು ಗಂಟೆ ಕೂತು ನೋಡಲಿ, ಒಂದಕ್ಕಿಂತ ಹೆಚ್ಚು ಸಲ.

ಕೂದಲು ಉದುರುವುದಿಲ್ಲ ಅನ್ನುವುದೂ ಪೂರ್ತಿ ಭರವಸೆಯ ಮಾತಲ್ಲ. ಮೀಸೆ, ಗಡ್ಡ, ಪೊದೆ ಹುಬ್ಬು ಕೊಡುವ, ಜೊತೆಗೆ ಕೂದಲು ಉದುರುವುದನ್ನೂ ತಗ್ಗಿಸುವ ಆರ್‌ಎಸ್‌ಪಿಒ2 ಜೀನಿನ ರೂಪ ಪ್ರಬಲವಾದದ್ದು, ಅಂದರೆ ಒಂದೇ ಪ್ರತಿ ಇದ್ದರೂ ಸಾಕು. ಲ್ಯಾಬ್ರಡಾರ್ ಮತ್ತು ಪೂಡಲ್‌ನ ಮೊದಲ ತಲೆಮಾರಿನ ಮರಿಗಳಿಗೆಲ್ಲ ಸಾಮಾನ್ಯವಾಗಿ ಮೀಸೆ ಬರುತ್ತದೆ. ಆ ಮರಿಗಳನ್ನೇ ದೊಡ್ಡದಾದ ಮೇಲೆ ಒಂದಕ್ಕೊಂದು ಕೂಡಿಸಿದರೆ ಸರಾಸರಿ ಕಾಲು ಭಾಗ ಮೀಸೆಯಿಲ್ಲದೆ, ಬೋಳು ಮೂತಿಯಲ್ಲಿ ಹುಟ್ಟುತ್ತವೆ, ಮತ್ತು ಸೋಫಾ ತುಂಬ ಕೂದಲು ಉದುರಿಸುತ್ತವೆ.

ಉದುರದ ಕೂದಲು ಎಲ್ಲಿ ಹೋಗುತ್ತದೆ? ಗುಂಗುರಿನೊಳಗೇ ಸಿಕ್ಕಿಕೊಳ್ಳುತ್ತದೆ. ಎಂಟು ತಿಂಗಳಿಂದ ವರ್ಷದೊಳಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗ ಸಿಕ್ಕು ಒಂದೇ ವಾರದಲ್ಲಿ ಚಾಪೆಯಂತಾಗಬಲ್ಲದು. ‘ದಿನಾ ಬ್ರಷ್ ಮಾಡ್ತೀವಿ’ ಅನ್ನುವವರ ನಾಯಿಯ ಕಿವಿಯ ಹಿಂದೆ, ಕಂಕುಳಲ್ಲಿ, ಪಟ್ಟಿಯ ಅಡಿಯಲ್ಲಿ ನಾನು ಬೆರಳು ಹಾಕಿದರೆ ಬೆರಳು ಒಳಗೇ ಹೋಗುವುದಿಲ್ಲ. ಬ್ರಷ್ಷು ಮೇಲ್ಮೈಯಲ್ಲಿ ಜಾರಿರುತ್ತದೆ, ಬುಡದಲ್ಲಿ ಗಂಟು ಹಾಗೇ ಕೂತಿರುತ್ತದೆ. ಅದರ ಕೆಳಗೆ ಗಾಳಿಯಾಡದೆ ಚರ್ಮ ಕೆಂಪಗಾಗಿ, ಕೆಲವೊಮ್ಮೆ ಹುಣ್ಣೇ ಆಗಿರುತ್ತದೆ. ಲೋಹದ ಬಾಚಣಿಗೆ ಬೇಕು. ಕೂದಲನ್ನು ಬೈತಲೆ ತೆಗೆದಂತೆ ಬೇರ್ಪಡಿಸಿ, ಚರ್ಮ ಕಾಣುವಂತೆ ಸಾಲು ಸಾಲಾಗಿ ಬಾಚಬೇಕು. ಸ್ನಾನಕ್ಕೆ ಮೊದಲೇ ಬಾಚಿ. ಒದ್ದೆಯಾದ ಗಂಟು ಇನ್ನಷ್ಟು ಬಿಗಿಯುತ್ತದೆ. ಪೂರ್ತಿ ಗಂಟಾದ ಮೇಲೆ ಬಿಡಿಸುವ ಹಟ ಬೇಡ, ಬೋಳಿಸುವುದೇ ದಯೆ. ಜೋಲು ಕಿವಿಯನ್ನು ಸ್ನಾನದ ನಂತರ ಒರೆಸಿ ಒಣಗಿಸದಿದ್ದರೆ ಅದೇ ಇನ್ನೊಂದು ಕಥೆ, ಅದಕ್ಕೆ ಪ್ರತ್ಯೇಕ ಅಂಕಣವೇ ಬೇಕು.

ಬಾಚಣಿಗೆಗೆ ನಾಯಿ ಸುಮ್ಮನೆ ನಿಲ್ಲಬೇಕಾದರೆ ಅಭ್ಯಾಸ ಶುರುವಾಗಬೇಕಿರುವುದು ನಿಮ್ಮ ಮನೆಯಲ್ಲಲ್ಲ, ಅದು ಹುಟ್ಟಿದ ಮನೆಯಲ್ಲಿ. ಮರಿಯ ಮನಸ್ಸು ಹೊಸದಕ್ಕೆ ತೆರೆದಿರುವುದು ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ. ಎಂಟು ವಾರಕ್ಕೆ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬಾರದು, ಅಂದರೆ ಈ ಅವಧಿಯ ಐದು ವಾರ ತಳಿ ಸಾಕುವವರ ಕೈಯಲ್ಲೇ ಕಳೆಯುತ್ತದೆ. ಕಾಲ್ಬೆರಳು ಮುಟ್ಟಿಸಿಕೊಳ್ಳುವುದು, ಕೂದಲು ಕತ್ತರಿಸುವ ಮೆಷಿನ್ನಿನ ಗುಂಯ್ ಸದ್ದು, ಮಕ್ಕಳ ಗಲಾಟೆ, ಜಾರುವ ನೆಲ, ಎಲ್ಲ ಆಗಲೇ ಪರಿಚಯವಾಗಬೇಕು. ಹೊರಗಿನ ಕೊಟ್ಟಿಗೆಯಲ್ಲಿ ಬೆಳೆದ ಮರಿಗೆ ಆಮೇಲೆ ನೀವು ಎಷ್ಟು ತಿದ್ದಿದರೂ ಒಂದಿಷ್ಟು ಹೆದರಿಕೆ ಉಳಿಯಬಹುದು. ನೂಲಿನಂತೆ ಸೀರೆ ಅನ್ನುವ ಗಾದೆ ನಾಯಿಗೂ ಸಲ್ಲುತ್ತದೆ: ಮರಿ ನೋಡಲು ಹೋದಾಗ ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿರಲು ನೆಪ ಹೇಳಿದರೆ ಎದ್ದು ಬನ್ನಿ.

‘ನಮ್ಮದಕ್ಕೂ ಒಂದು ಸಲ ಮರಿ ಹಾಕಿಸಿದರೆ ಆರೋಗ್ಯಕ್ಕೆ ಒಳ್ಳೆಯದಲ್ವಾ?’ ಎಂದು ಕೇಳುವವರಿಗೆ ನನ್ನ ಉತ್ತರ, ಅದರಿಂದ ಹೆಣ್ಣು ನಾಯಿಯ ದೇಹಕ್ಕೆ ಯಾವ ಲಾಭವೂ ಇಲ್ಲ. ಇಷ್ಟಾಗಿಯೂ ಮಾಡಿಸುವವರು ಗಂಡು ತಾಯಿಗಿಂತ ದೊಡ್ಡದಾಗದಂತೆ ನೋಡಿಕೊಳ್ಳಲಿ, ಇಲ್ಲವಾದರೆ ಮರಿ ಹೊರಬರದೆ ಸಿಸೇರಿಯನ್ನೇ ಆಗಬಹುದು. ಗರ್ಭ ಸುಮಾರು 63 ದಿನ. ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಮೊದಲ ಮರಿಗೂ ಮುಂಚೆ ಹಸಿರು ಸ್ರಾವ ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಹುಟ್ಟಿದ ಮರಿಗಳನ್ನು ದಿನವೂ ತೂಗಿ ಬರೆದಿಡಿ. ತೂಕ ಏರದ ಮರಿ ಮೊದಲು ಹೇಳುವುದು ತಕ್ಕಡಿಯಲ್ಲೇ. ಕೊಂಡವರಿಗೆ ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದು ಕಾಗದದ ಮೇಲೆ ಬರೆದು ಕೊಡಿ. ಹಾಗೆ ಬರೆದುಕೊಡಲು ಮನೆಯಲ್ಲಿ ಜಾಗ ಇದೆಯೇ ಅನ್ನುವುದನ್ನು ಗಂಡು ಹುಡುಕುವ ಮೊದಲೇ ಲೆಕ್ಕ ಹಾಕಿ.