ಈಜು ಕಲಿಸಿದವರಿಗೆ ಏನು ಕೊಟ್ಟೆವು? ಉತ್ತರ ಕನ್ನಡ ಕರಾವಳಿಯ ಒಂದು ಹಳೆಯ ಬಾಕಿ

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಮೇಲಿದ್ದ ಲಾರಿಯೊಂದು ಹೊಳೆಗೆ ಬಿತ್ತು. ಮಳೆಗಾಲದ ಕಾಳಿ ತುಂಬಿ ಹರಿಯುತ್ತಿತ್ತು, ಸುತ್ತ ಕತ್ತಲು. ಆದರೂ ಲಾರಿ ಚಾಲಕ ಜೀವಂತವಾಗಿ ದಡ ಸೇರಿದರು. ಅವರನ್ನು ಕರೆತಂದವರಲ್ಲಿ ಪೊಲೀಸರ ಜೊತೆ ಅಲ್ಲಿಯ ಮೀನುಗಾರರೂ ಇದ್ದರು. ಸೇತುವೆ ಬಿದ್ದ ಸುದ್ದಿಯನ್ನು ಇಡೀ ದೇಶ ಓದಿತು. ಆ ಹೊತ್ತಿನಲ್ಲಿ ದೋಣಿ ಇಳಿಸಿದವರ ಹೆಸರು ಎಷ್ಟು ಜನರಿಗೆ ನೆನಪಿದೆ?

ಉತ್ತರ ಕನ್ನಡಕ್ಕೆ ಸುಮಾರು 140 ಕಿ.ಮೀ. ಕಡಲತೀರ ಇದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಇಲ್ಲೇ ಕಡಲು ಸೇರುತ್ತವೆ. ಘಟ್ಟದ ಮೇಲೆ ಶಿರಸಿ ಕಡೆ ಹೋದರೆ ಊರಿಗೊಂದು ಕೆರೆ. ಇಂಥ ಜಿಲ್ಲೆಯಲ್ಲಿ ಮಕ್ಕಳಿಗೆ ಈಜು ಕಲಿಸುವವರು, ಬೇಸಿಗೆ ಶಿಬಿರ ನಡೆಸುವ ಕ್ಲಬ್‌ಗಳು, ಸ್ಪರ್ಧೆಯ ದಿನ ಗಡಿಯಾರ ಹಿಡಿದು ನಿಲ್ಲುವವರು, ಮುಳುಗುವವರನ್ನು ಎಳೆದು ತರುವವರು ಯಾವತ್ತೂ ಇದ್ದಾರೆ. ಹೆಚ್ಚಿನವರು ಕೈಯಿಂದ ಖರ್ಚು ಮಾಡಿಕೊಂಡೇ ಈ ಕೆಲಸ ಮಾಡುತ್ತಾರೆ. ಇವರಲ್ಲಿ ಯಾರನ್ನು ನಾವು ಗುರುತಿಸಿದೆವು, ಯಾರು ಬಿಟ್ಟುಹೋದರು ಎಂಬುದಕ್ಕೆ ಒಂದು ಇತಿಹಾಸ ಇದೆ. ಅದನ್ನು ನೋಡುತ್ತಾ ಹೋದರೆ ನನಗೆ ಕಾಣುವುದು ಇಷ್ಟು: ನಮ್ಮ ಪ್ರಶಸ್ತಿಗಳು ಹುಡುಕುವುದು ಪದಕ ಗೆದ್ದವರನ್ನು, ಇಲ್ಲವೇ ಪ್ರಾಣ ಪಣಕ್ಕಿಟ್ಟು ಇನ್ನೊಬ್ಬರನ್ನು ಉಳಿಸಿದವರನ್ನು. ಯಾರೂ ಮುಳುಗದಂತೆ ವರ್ಷಗಟ್ಟಲೆ ನೋಡಿಕೊಂಡವರು ಆ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಹೀಗಿರಲಿಲ್ಲ. ಹೊಳೆಗಳಿಗೆ ಸೇತುವೆ ಬರುವ ಮುಂಚೆ ದಾಟಬೇಕೆಂದರೆ ತಾರಿಯೇ, ಅಂದರೆ ಜನರನ್ನು ದಾಟಿಸುವ ದೋಣಿಯೇ ಗತಿ. ತಾರಿ ನಡೆಸುವ ಅಂಬಿಗರಿಗೆ ನೀರಿನ ಲೆಕ್ಕ ಪೂರ್ತಿ ಗೊತ್ತಿರುತ್ತಿತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತದ ಸೆಳೆತ ಜಾಸ್ತಿ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬ ಮಳೆಗಾಲ ಕಳೆದ ಮೇಲೆ ಜಾಗ ಬದಲಿಸಿರುತ್ತದೆ. ಹೊಳೆಯ ಸಿಹಿನೀರು ಮೇಲೆ ಹರಿಯುವಾಗ ಅಡಿಯಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತಿರಬಹುದು. ಇದನ್ನೆಲ್ಲ ತಿಳಿದವರು ದಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಇರುತ್ತಿದ್ದರು. ಯಾರೂ ಅವರನ್ನು ಜೀವರಕ್ಷಕ ಎಂದು ಕರೆಯಲಿಲ್ಲ. ಆದರೆ ಆ ಕೆಲಸ ಅವರದ್ದೇ ಆಗಿತ್ತು.

ಈಜು ಕಲಿಸುವುದೂ ಹಾಗೆಯೇ ನಡೆಯುತ್ತಿತ್ತು. ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿ, ಇಲ್ಲವೇ ಎರಡು ಒಣ ತೆಂಗಿನಕಾಯಿ ಜೋಡಿಸಿ ಎದೆಯ ಕೆಳಗಿಟ್ಟು, ಬಾಳೆದಿಂಡು ಹಿಡಿಸಿ ಮಕ್ಕಳನ್ನು ನೀರಿಗಿಳಿಸುತ್ತಿದ್ದರು. ಆಮೇಲೆ ಲಾರಿ ಟಯರಿನ ಟ್ಯೂಬ್ ಬಂತು. ಕಲಿಸಿದವರು ಚಿಕ್ಕಪ್ಪನೋ, ಪಕ್ಕದ ಮನೆಯ ಅಣ್ಣನೋ ಆಗಿರುತ್ತಿದ್ದರು. ಹಬ್ಬಕ್ಕೆ ಕರೆದು ಊಟ ಹಾಕಿದರೆ ಅದೇ ಗೌರವ. ಸುಗ್ಗಿ ಮುಗಿದ ಮೇಲೆ ಊರಿನ ಕಸುಬುದಾರರಿಗೆ ಭತ್ತ ಅಳೆದು ಕೊಡುವ ಪದ್ಧತಿಯೂ ನಮ್ಮ ಕಡೆ ಇತ್ತು. ಅಂದಿನ ಊರಿನಲ್ಲಿ ಜಾತಿಯ ಕಟ್ಟು ಗಟ್ಟಿಯಾಗಿತ್ತು, ಅದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ತಪ್ಪು. ಆದರೂ ನೀರು ಬಲ್ಲವರು ಯಾರು ಎಂಬುದು ಊರಿಗೆಲ್ಲ ತಿಳಿದಿತ್ತು.

ಹೆದ್ದಾರಿಗೆ ಸೇತುವೆಗಳು ಬಂದವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ತಾರಿಗಳು ಒಂದೊಂದಾಗಿ ಕಡಿಮೆಯಾದವು. ಮನೆಗೆ ನಲ್ಲಿ ಬಂದ ಮೇಲೆ ಕೆರೆಗೆ ಹೋಗುವ ಅಗತ್ಯವೂ ತಪ್ಪಿತು. ಅನುಕೂಲ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಡದಲ್ಲಿ ಇರುತ್ತಿದ್ದ ಆ ಕಣ್ಣು ಹೋಯಿತು. ಅದರ ಜಾಗಕ್ಕೆ ಬೇರೆ ಯಾರನ್ನೂ ನಾವು ಯೋಚಿಸಿ ಇಡಲಿಲ್ಲ.

ಅಷ್ಟರಲ್ಲಿ ಈಜು ಒಂದು ಕ್ರೀಡೆಯಾಗಿ ಬೆಳೆದಿತ್ತು. ಅದರ ಗೌರವದ ದಾರಿಯೇ ಬೇರೆ. 1961ರಲ್ಲಿ ಅರ್ಜುನ ಪ್ರಶಸ್ತಿ ಶುರುವಾಯಿತು. ಅದು ಆಟಗಾರರಿಗೆ. ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ, ಅಂದರೆ 24 ವರ್ಷ ತಡವಾಗಿ. ಕ್ರೀಡೆಯನ್ನು ಬೆಳೆಸುವ ಸಂಸ್ಥೆಗಳಿಗೆಂದು ರಾಷ್ಟ್ರೀಯ ಖೇಲ್ ಪ್ರೋತ್ಸಾಹನ್ ಪುರಸ್ಕಾರ ಬಂದದ್ದು 2009ರಲ್ಲಿ. ಅದು ಮತ್ತೂ 24 ವರ್ಷದ ನಂತರ. ಮೊದಲು ಗೆದ್ದವರು, ಆಮೇಲೆ ಕಲಿಸಿದವರು, ಕೊನೆಗೆ ಜಾಗ ಕೊಟ್ಟು ಸಾಕಿದವರು. ಸ್ಪರ್ಧೆಯ ದಿನ ದುಡಿಯುವ ಸ್ವಯಂಸೇವಕರ ಸರದಿ ಇನ್ನೂ ಬಂದಿಲ್ಲ.

ಕರ್ನಾಟಕದ ಇಬ್ಬರು ಈಜು ತರಬೇತುದಾರರಿಗೆ ದ್ರೋಣಾಚಾರ್ಯ ಸಿಕ್ಕಿದೆ: 2015ರಲ್ಲಿ ನಿಹಾರ್ ಅಮೀನ್, 2016ರಲ್ಲಿ ಎಸ್. ಪ್ರದೀಪ್ ಕುಮಾರ್. ಇಬ್ಬರೂ ಅರ್ಹರು, ಅದರ ಬಗ್ಗೆ ಹೆಮ್ಮೆ ಇದೆ. ಇಬ್ಬರೂ ಹೆಸರು ಮಾಡಿದ್ದು ಬೆಂಗಳೂರಿನಲ್ಲಿ ಕಲಿಸಿ. ಅದು ಕಾಕತಾಳೀಯ ಅಲ್ಲ. ದ್ರೋಣಾಚಾರ್ಯಕ್ಕೆ ನೋಡುವುದು ಶಿಷ್ಯರ ಅಂತರರಾಷ್ಟ್ರೀಯ ಸಾಧನೆಯನ್ನು. ಆ ಮಟ್ಟದ ಈಜುಗಾರ ತಯಾರಾಗಬೇಕಾದರೆ 50 ಮೀಟರ್ ಕೊಳ ಬೇಕು, ಶುದ್ಧೀಕರಿಸಿದ ನೀರು ಬೇಕು, ವರ್ಷವಿಡೀ ಬೆಳಿಗ್ಗೆ ಸಂಜೆ ಅಭ್ಯಾಸ ಬೇಕು. ಕೆರೆಯಲ್ಲಿ, ಅಳಿವೆಯಲ್ಲಿ ಕಲಿಸುವವರಿಗೆ ಮಳೆಗಾಲದ ನಾಲ್ಕು ತಿಂಗಳು ಸಿಗುವುದೇ ಇಲ್ಲ. ಇವರು ಎಷ್ಟೇ ಚೆನ್ನಾಗಿ ಕಲಿಸಿದರೂ ಆ ಮಾನದಂಡಕ್ಕೆ ಹೊಂದುವುದು ಕಷ್ಟ.

ಇನ್ನೊಂದು ತೊಡಕು ಓದಿನದ್ದು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಶುರುವಾದದ್ದೂ 1961ರಲ್ಲೇ. ಅಲ್ಲಿಯ ಡಿಪ್ಲೊಮಾ ಇದ್ದರೆ ದೇಶದಲ್ಲಿ ಎಲ್ಲಿ ಹೋದರೂ ತರಬೇತುದಾರ ಎಂದು ಒಪ್ಪುತ್ತಾರೆ. ಆದರೆ ಅದಕ್ಕೆ ಸೇರಲು ಪದವಿ ಬೇಕು, ಆಟದಲ್ಲಿ ಸಾಧನೆಯ ದಾಖಲೆಯೂ ಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದೋಣಿ ಹತ್ತಿದವರು, ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದ್ದರೂ, ಕಾಗದದ ಮೇಲೆ ತರಬೇತುದಾರರಾಗುವುದಿಲ್ಲ.

ರಾಜ್ಯದ ಮಟ್ಟದಲ್ಲಿ ಬಾಗಿಲು ಸ್ವಲ್ಪ ಅಗಲವಾಗಿದೆ. ಏಕಲವ್ಯ ಪ್ರಶಸ್ತಿ ಆಟಗಾರರಿಗೆ. ಜೊತೆಗೆ ಜೀವಮಾನ ಸಾಧನೆಯ ಪ್ರಶಸ್ತಿ, ಕ್ರೀಡೆಗೆ ಒತ್ತಾಸೆಯಾದ ಸಂಘ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿ ಇದೆ. ಕರಾವಳಿಯ ಈಜು ಕ್ಲಬ್‌ಗಳು ಮೊದಲು ಕಣ್ಣಿಡಬೇಕಾದದ್ದು ಇದರ ಮೇಲೆ ಎಂದು ನನಗೆ ಅನ್ನಿಸುತ್ತದೆ. ನಡೆಸಿದ ಶಿಬಿರ, ಕಲಿತ ಮಕ್ಕಳ ಪಟ್ಟಿ, ಫೋಟೊ, ಲೆಕ್ಕಪತ್ರ ಕೊಡುವಂತಿದ್ದರೆ ಅರ್ಜಿಗೆ ಬಲ ಬರುತ್ತದೆ. ಹೆಚ್ಚಿನ ಕ್ಲಬ್‌ಗಳು ಹಿಂದೆ ಬೀಳುವುದು ಇಲ್ಲೇ. ಕಲಿಸುವುದರಲ್ಲಿ ಇರುವ ಆಸಕ್ತಿ ಬರೆದಿಡುವುದರಲ್ಲಿ ಇರುವುದಿಲ್ಲ.

ಸ್ಪರ್ಧೆಯ ದಿನ ಗಡಿಯಾರ ಹಿಡಿಯುವವರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಕೆಲಸ ಎಷ್ಟು ಸೂಕ್ಷ್ಮ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ವಿದ್ಯುತ್ ಟೈಮರ್ ಇಲ್ಲದ ಸ್ಪರ್ಧೆಯಲ್ಲಿ ಒಂದೊಂದು ಲೇನಿಗೆ ಮೂವರು ಸಮಯ ಪಾಲಕರು ನಿಲ್ಲಬೇಕೆಂಬುದು ಕ್ರಮ. ಎಂಟು ಲೇನ್ ಅಂದರೆ 24 ಜನ. ಮೂರು ಗಡಿಯಾರಗಳಲ್ಲಿ ಎರಡು ಒಂದೇ ಸಮಯ ತೋರಿಸಿದರೆ ಅದೇ ಅಧಿಕೃತ. ಮೂರೂ ಬೇರೆ ಬೇರೆಯಾದರೆ ನಡುವಿನದ್ದು ಅಧಿಕೃತ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಒಂದು ಹುಡುಗಿ ರಾಜ್ಯ ತಂಡಕ್ಕೆ ಆಯ್ಕೆಯಾಗುತ್ತಾಳೆ ಅಥವಾ ತಪ್ಪಿಸಿಕೊಳ್ಳುತ್ತಾಳೆ. ಗಡಿಯಾರ ಒತ್ತುವವರು ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಬೇರೆ ಮಕ್ಕಳ ಅಪ್ಪ ಅಮ್ಮ. ಬಿಸಿಲಿನಲ್ಲಿ ಕೊಳದ ಅಂಚಿನಲ್ಲಿ ನಿಂತು ಒದ್ದೆಯಾಗಿ ಸಂಜೆ ಮನೆಗೆ ಹೋಗುತ್ತಾರೆ. ತಿರುವಿನಲ್ಲಿ ಕೈ ಗೋಡೆಗೆ ತಾಗಿತೇ ಎಂದು ನೋಡುವವರು ಬೇರೆ, ಈಜಿನ ಶೈಲಿ ಸರಿಯಿದೆಯೇ ಎಂದು ನೋಡುವವರು ಬೇರೆ. ಇವರಿಲ್ಲದೆ ಪದಕವೇ ಇಲ್ಲ, ಅಲ್ವಾ?

ಕಡಲಿನ ಈಜಿಗೆ ಇನ್ನೂ ಜನ ಬೇಕು. ಅಲ್ಲಿ ಲೇನ್ ಇಲ್ಲ, ಹಿಡಿಯಲು ಗೋಡೆ ಇಲ್ಲ. ಈಜುವವರು ಆಗಾಗ ತಲೆಯೆತ್ತಿ ಗುರಿ ನೋಡಿಕೊಳ್ಳಬೇಕು. ಸುತ್ತ ದೋಣಿಗಳು ಕಾವಲಿರಬೇಕು. ಆ ದೋಣಿ ಮೀನುಗಾರರದ್ದು, ಡೀಸೆಲ್ ಎಷ್ಟೋ ಸಲ ಅವರದ್ದೇ, ಆ ದಿನದ ದುಡಿಮೆ ತಪ್ಪಿದ್ದೂ ಅವರಿಗೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ 10 ಕಿ.ಮೀ. ತೆರೆದ ನೀರಿನ ಈಜು ಒಲಿಂಪಿಕ್ ಸ್ಪರ್ಧೆ. ಕಡಲಿನ ಸೆಳೆತ ಬಲ್ಲ ನಮ್ಮ ಮಕ್ಕಳಿಗೆ ಹೊಂದುವ ದಾರಿ ಇದೇ ಎಂಬುದು ನನ್ನ ಗಟ್ಟಿ ನಂಬಿಕೆ.

ಇನ್ನು ಜೀವ ಉಳಿಸುವವರ ಕಥೆ. ಕೇಂದ್ರ ಸರ್ಕಾರದ ಜೀವನ ರಕ್ಷಾ ಪದಕಗಳೂ 1961ರಷ್ಟು ಹಳೆಯವು. ಸರ್ವೋತ್ತಮ, ಉತ್ತಮ ಮತ್ತು ಜೀವನ ರಕ್ಷಾ ಪದಕ ಎಂದು ಮೂರು ಬಗೆ ಇವೆ. ನೀರಿನಲ್ಲಿ ಮುಳುಗುವವರನ್ನು ಕಾಪಾಡಿದವರಿಗೂ ಇದು ಸಲ್ಲುತ್ತದೆ. ಮಕ್ಕಳ ಶೌರ್ಯಕ್ಕೆ ರಾಜ್ಯದ ಕೆಳದಿ ಚೆನ್ನಮ್ಮ ಮತ್ತು ಹೊಯ್ಸಳ ಪ್ರಶಸ್ತಿಗಳಿವೆ. ಇವು ಒಳ್ಳೆಯ ಪ್ರಶಸ್ತಿಗಳೇ. ಆದರೆ ಜೀವನ ರಕ್ಷಾ ಪದಕದ ಪ್ರಸ್ತಾವ ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ಕೇಂದ್ರ ಗೃಹ ಇಲಾಖೆಗೆ ಹೋಗಬೇಕು. ಕಣ್ಣಾರೆ ಕಂಡವರ ಹೇಳಿಕೆ ಬೇಕು, ದಾಖಲೆ ಬೇಕು. ಯಾರನ್ನೋ ಎಳೆದು ಹಾಕಿ, ಒದ್ದೆ ಬಟ್ಟೆ ಹಿಂಡಿ, ಮತ್ತೆ ಬಲೆ ಬಿಡಲು ಹೋದ ಮನುಷ್ಯ ಈ ಕಾಗದದ ಹಿಂದೆ ಓಡುವುದಿಲ್ಲ. ಅವರಿಂದ ಬದುಕಿ ಉಳಿದವರೂ ಓಡುವುದಿಲ್ಲ.

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿತು. 16 ಜನ ಹೋದರು. ಅಂಥ ದಿನ ಊರು ಸತ್ತವರಿಗಾಗಿ ಅಳುತ್ತದೆ. ಯಾರು ಎಷ್ಟು ಜನರನ್ನು ಎತ್ತಿದರು ಎಂದು ಬರೆದುಕೊಳ್ಳುವ ಮನಸ್ಸು ಯಾರಿಗೂ ಇರುವುದಿಲ್ಲ. ಅದು ಸಹಜ. ಹಾಗಾಗಿಯೇ ಬರೆದುಕೊಳ್ಳುವ ಕೆಲಸ ಒಂದು ಕಚೇರಿಯದ್ದಾಗಬೇಕು, ನೊಂದವರ ಮೇಲೆ ಬಿಡಬಾರದು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮತ್ತು ಗಂಗಾವಳಿ ಎರಡನ್ನೂ ಮುಚ್ಚಿದಾಗ ಪರಿಸ್ಥಿತಿ ಬೇರೆಯಿತ್ತು. ಎರಡು ತಿಂಗಳಿಗೂ ಹೆಚ್ಚು ಕಾಲ ಟಿವಿ ಕ್ಯಾಮರಾಗಳು ಹೊಳೆಯ ಕಡೆ ನೋಡಿದವು. ಉಡುಪಿ ಜಿಲ್ಲೆಯ ಮಲ್ಪೆಯಿಂದ ತಾವಾಗಿ ಬಂದು ಆ ರಭಸದ ನೀರಿಗೆ ಧುಮುಕಿ ಕಾಣೆಯಾದವರನ್ನು ಹುಡುಕಿದ ಈಶ್ವರ್ ಮಲ್ಪೆ ಅವರ ಹೆಸರು ಕೇರಳದವರೆಗೂ ಮನೆಮಾತಾಯಿತು. ಅವರಿಗೆ ಸಂದ ಪ್ರೀತಿ ನ್ಯಾಯವಾದದ್ದು. ಕ್ಯಾಮರಾ ಇಲ್ಲದ ಕಡೆ, ಸುಮ್ನೆ ಒಂದು ಮಂಗಳವಾರ ಮಧ್ಯಾಹ್ನ, ಇದೇ ಕೆಲಸ ಮಾಡುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ.

ಪ್ರವಾಸಿಗರು ಹೆಚ್ಚಾದ ಮೇಲೆ ಗೋಕರ್ಣ, ಮುರ್ಡೇಶ್ವರ, ಕಾರವಾರದ ತೀರಗಳಿಗೆ ಜೀವರಕ್ಷಕರು ಬಂದರು. 2020ರ ಅಕ್ಟೋಬರಿನಲ್ಲಿ ಹೊನ್ನಾವರದ ಕಾಸರಕೋಡು ಬೀಚಿಗೆ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೆ 33 ಮಾನದಂಡಗಳಿವೆ, ಈಜುವವರ ಸುರಕ್ಷತೆಯೂ ಅದರಲ್ಲಿ ಒಂದು. ತೀರಕ್ಕೆ ಬಾವುಟ ಏರಿತು, ಎಲ್ಲರೂ ಸಂತೋಷಪಟ್ಟೆವು. ಆ ಬಾವುಟದ ಕೆಳಗೆ ನಿಂತು ನೀರು ಕಾಯುವವರಿಗೆ ಕಾಯಂ ಕೆಲಸ ಇದೆಯೇ, ವಿಮೆ ಇದೆಯೇ ಎಂದು ಕೇಳುವವರು ಕಡಿಮೆ.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲ ಪಾಲಾದರು. ಕೆಲ ಕಾಲ ಬೀಚ್ ಮುಚ್ಚಿತ್ತು. ಹೊಳೆ ತುಂಬಿ ಹರಿಯುವುದನ್ನು ಕಾಣದ ನಾಡಿನ ಮಕ್ಕಳವರು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರು? ಈ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ. ಹೆಣ್ಣುಮಕ್ಕಳಿಗೆ ಈಜು ಕಲಿಸುವ ಹೆಂಗಸರು ನಮ್ಮಲ್ಲಿ ಬಹಳ ಕಡಿಮೆ. ಕಲಿಸುವವರು ಗಂಡಸರೇ ಆದರೆ ಎಷ್ಟೋ ಮನೆಗಳಲ್ಲಿ ಮಗಳನ್ನು ಕಳಿಸುವುದಿಲ್ಲ. ಅಂಥ ಕಡೆ ಮುಂದೆ ಬಂದು ಕಲಿಸುವ ಒಬ್ಬ ಅಕ್ಕನ ಕೆಲಸ ಯಾವ ಪದಕಕ್ಕೂ ಕಡಿಮೆಯಲ್ಲ.

ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗಿ ಸಾಯುವುದನ್ನು ತಡೆಯುವ ವಿಶ್ವ ದಿನ ಎಂದು ಸಾರಿತು. ಜಗತ್ತಿನಲ್ಲಿ ಒಂದೇ ವರ್ಷ ಸುಮಾರು 3 ಲಕ್ಷ ಜನ ಮುಳುಗಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶಾಲೆಯ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಬೇಕೆಂದು ಅದು ಬಹಳ ವರ್ಷಗಳಿಂದ ಹೇಳುತ್ತಿದೆ. ನಮ್ಮ ಕಡೆ ಸುಮ್ಮನೆ ದುಡಿಯುವವರು ಮಾಡುತ್ತಿರುವುದೂ ಅದನ್ನೇ.

ಗುರುತಿಸುವುದು ಅಂದ ಕೂಡಲೇ ಶಾಲು, ಹಾರ, ಹಣ್ಣಿನ ಬುಟ್ಟಿ ನೆನಪಾಗುತ್ತದೆ. ಅದು ಬೇಡ ಎನ್ನಲಾರೆ. ಊರ ಮುಂದೆ ಹೆಸರು ಹಿಡಿದು ಕರೆದಾಗ ಮನಸ್ಸು ತುಂಬುತ್ತದೆ. ಆದರೆ ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಇದೆ. ಅಂಕೋಲಾದ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಲ್ಲಿ ಸಸಿ ಬೆಳೆಸಿದರು. ಆಮೇಲೆ ಕೆಲಸ ಕಾಯಂ ಆಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ದೇಶ ಅವರನ್ನು ಕಂಡಿತು. ಶಾಲೆಗೆ ಹೋಗದ ಅವರ ಅರಿವನ್ನು ಒಂದು ಇಲಾಖೆ ಅದಕ್ಕೂ ಮೊದಲೇ ಕಂಡು, ಕೆಲಸ ಕೊಟ್ಟು ಉಳಿಸಿಕೊಂಡಿತ್ತು. ಈಜಿಗೆ ಅಂಥ ಒಂದು ಮನೆ ಇಲ್ಲಿ ಇಲ್ಲ.

1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇದೇ ಜಿಲ್ಲೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಹುಡುಕಿ ಓಟ, ಜಿಗಿತಕ್ಕೆ ತರಬೇತಿ ಕೊಟ್ಟಿತ್ತು. ಪ್ರತಿಭೆ ಕಂಡಿತು, ಯೋಜನೆ ಕೆಲವೇ ವರ್ಷಗಳಲ್ಲಿ ನಿಂತಿತು. ಜೊತೆಗೆ ನಿಲ್ಲುವ ಕ್ಲಬ್ ಮತ್ತು ತರಬೇತುದಾರರು ಊರಲ್ಲೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾಗಿ ಮೊದಲು ಆಗಬೇಕಾದದ್ದು ಒಂದು ದಾಖಲೆ ಪುಸ್ತಕ. ಯಾರು ಎಲ್ಲಿ ಎಷ್ಟು ಮಕ್ಕಳಿಗೆ ಕಲಿಸಿದರು, ಯಾರು ಯಾವಾಗ ಯಾರನ್ನು ಕಾಪಾಡಿದರು ಎಂದು ತಾಲೂಕು ಮಟ್ಟದಲ್ಲಿ ಬರೆದಿಟ್ಟರೆ ಸಾಕು. ಕ್ರೀಡಾ ಪೋಷಕದ ಅರ್ಜಿಗೂ ಜೀವನ ರಕ್ಷಾ ಪದಕದ ಪ್ರಸ್ತಾವಕ್ಕೂ ಅದೇ ಆಧಾರವಾಗುತ್ತದೆ. ಆಮೇಲೆ ತರಬೇತಿ. ಕಾರವಾರಕ್ಕೆ ಹತ್ತಿರದ ಗೋವಾದಲ್ಲೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಜೀವರಕ್ಷಕರ ಕೋರ್ಸ್ ನಡೆಸುತ್ತದೆ. ಉಸಿರು ನಿಂತವರಿಗೆ ಎದೆ ಒತ್ತಿ ಗಾಳಿ ಕೊಡುವ ಸರಿಯಾದ ಕ್ರಮ, ಹಗ್ಗ ಮತ್ತು ತೇಲುಬಳೆ ಎಸೆಯುವ ರೀತಿ ಅನುಭವಿ ಈಜುಗಾರರಿಗೂ ಕಲಿತಷ್ಟು ಒಳ್ಳೆಯದು. ಖರ್ಚನ್ನು ಪಂಚಾಯಿತಿಯೋ ಪ್ರವಾಸೋದ್ಯಮ ಸಮಿತಿಯೋ ಕೊಟ್ಟು ಕಳಿಸಲಿ. ಮೂರನೆಯದು ವಿಮೆ. ಇನ್ನೊಬ್ಬರಿಗಾಗಿ ನೀರಿಗೆ ಹಾರಿದವರೇ ಮರಳಿ ಬಾರದಿದ್ದರೆ ಅವರ ಮನೆಯವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ನೀರು ಬಲ್ಲ ನೂರಾರು ಜನ ಆ 61 ದಿನ ದಡದಲ್ಲೇ ಇರುತ್ತಾರೆ. ಜುಲೈ 25 ಬರುವುದೂ ಅದೇ ಅವಧಿಯಲ್ಲಿ. ಹೆಸರು ಬರೆದುಕೊಳ್ಳುವ ಕೆಲಸವನ್ನು ಅಂದು ತದಡಿಯ ಇಲ್ಲವೇ ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಕುಳಿತು ಶುರುಮಾಡಬಹುದು.